ಮೊಡವೆ, ವಿಟಮಿನ್ ಮತ್ತು ಮದ್ದಿನ ಚೀಲ

ಮೊಡವೆಗೆಂದು ಬರುವವರ ಲ್ಯಾಬ್ ರಿಪೋರ್ಟನ್ನು ನಾನು ಮೊದಲಿಗೇ ಬಿಡಿಸುವುದಿಲ್ಲ. ಕಳೆದ ಮೂರು ತಿಂಗಳಲ್ಲಿ ನುಂಗಿದ ಗುಳಿಗೆ, ತೆಗೆದುಕೊಂಡ ಸೂಜಿಮದ್ದಿನ ಚೀಟಿ, ಮುಖಕ್ಕೆ ಹಚ್ಚಿದ ಟ್ಯೂಬು, ತಲೆಗೆ ಹಾಕುವ ಎಣ್ಣೆ, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ತನ್ನಿ ಎನ್ನುತ್ತೇನೆ. ಕಾಸರಗೋಡಿನ ಈ ಕಡೆ ಆ ಚೀಲದಲ್ಲಿ ಗಲ್ಫಿನಿಂದ ಬಂದ ವಿಟಮಿನ್ ಡಬ್ಬಿ ಇರುವುದು ಸಾಮಾನ್ಯ. ಜಿಮ್ಮಿಗೆ ಹೋಗುವ ಹುಡುಗರದ್ದಾದರೆ ವೇ ಪ್ರೋಟೀನ್ ಪುಡಿ. ಬದಿಯಡ್ಕ, ಪೆರ್ಲ ಕಡೆಯ ಸಸ್ಯಾಹಾರಿ ಮನೆಯವರದ್ದಾದರೆ ಬಿ12 ಸ್ಟ್ರಿಪ್. ಯಾವ ವಿಟಮಿನ್ ಕಡಿಮೆಯಾಗಿ ಹೀಗಾಯಿತು ಎಂದು ಕೇಳಿಕೊಂಡು ಬರುತ್ತಾರೆ. ಆದರೆ ಚಿಕಿತ್ಸೆಯ ದಾರಿಯನ್ನೇ ಬದಲಿಸುವುದು ಹೆಚ್ಚಿನ ಸಲ ಅತಿಯಾದ ವಿಟಮಿನ್, ಕಡಿಮೆಯಾದದ್ದಲ್ಲ.

ಬಿ12ರಿಂದ ಏಳುವ ಗುಳ್ಳೆಗಳನ್ನು ನೋಡಿಯೇ ಗುರುತಿಸಬಹುದು. ಸಾದಾ ಮೊಡವೆಯಲ್ಲಿ ಬ್ಲ್ಯಾಕ್‌ಹೆಡ್, ವೈಟ್‌ಹೆಡ್, ಕೆಂಪು ಗುಳ್ಳೆ, ಕೀವು ಕಟ್ಟಿದ್ದು ಎಲ್ಲ ಬೆರೆತಿರುತ್ತವೆ. ಬಿ12ರದ್ದು ಒಂದೇ ಅಳತೆಯ, ಒಂದೇ ವಯಸ್ಸಿನ ಸಣ್ಣ ಕೆಂಪು ಗುಳ್ಳೆಗಳು. ಬ್ಲ್ಯಾಕ್‌ಹೆಡ್ ಇಲ್ಲವೆನ್ನುವಷ್ಟು ಕಡಿಮೆ. ಮುಖದ ಜೊತೆಗೆ ಎದೆ, ಹೆಗಲು, ಬೆನ್ನಿಗೂ ಹರಡಿರುತ್ತವೆ. ನಲವತ್ತು ದಾಟಿದವರಿಗೆ, ಹಿಂದೆಂದೂ ಮೊಡವೆ ಕಾಣದವರಿಗೆ ಒಮ್ಮೆಲೇ ಹೀಗಾದರೆ ನಾನು ಕೇಳುವ ಮೊದಲ ಪ್ರಶ್ನೆ, "ಕೆಂಪು ಸೂಜಿ ತೆಗೆದುಕೊಂಡಿದ್ದೀರಾ?" ಬಿ12ರಲ್ಲಿ ಕೋಬಾಲ್ಟ್ ಇರುವುದರಿಂದ ಆ ಮದ್ದು ಕೆಂಪಗಿರುತ್ತದೆ, ಹೆಸರು ಮರೆತವರಿಗೂ ಬಣ್ಣ ನೆನಪಿರುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಿಗೆ ಬಿ12 ಕಡಿಮೆಯಾಗುವುದುಂಟು, ಅದಕ್ಕೆಂದು ಕೊಟ್ಟದ್ದೂ ಇರಬಹುದು.

ಪ್ರಮಾಣ ನೋಡಿ: ದೊಡ್ಡವರಿಗೆ ದಿನಕ್ಕೆ ಬೇಕಾದ ಬಿ12 ಸುಮಾರು 2 ಮೈಕ್ರೋಗ್ರಾಂ. ಅಂಗಡಿಯಲ್ಲಿ ಬಿ12 ಎಂದು ಸಿಗುವ ಮೀಥೈಲ್‌ಕೋಬಾಲಮಿನ್ ಗುಳಿಗೆಯಲ್ಲಿ 500 ಅಥವಾ 1500. ಹೊಟ್ಟೆ ಅದರಲ್ಲಿ ಹೀರಿಕೊಳ್ಳುವುದು ಸಣ್ಣ ಪಾಲು ನಿಜ, ಆದರೆ ಸೂಜಿಯಲ್ಲಿ ಹೋದದ್ದು ನೇರ ರಕ್ತಕ್ಕೆ ಸೇರುತ್ತದೆ. 2015ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂಶೋಧಕರು ಇದರ ಒಳಗುಟ್ಟನ್ನು ಸ್ವಲ್ಪ ಬಿಡಿಸಿದರು. ಮೊಡವೆಯ ಬ್ಯಾಕ್ಟೀರಿಯ, ಅಂದರೆ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್, ತನಗೆ ಬೇಕಾದ ಬಿ12 ಅನ್ನು ತಾನೇ ತಯಾರಿಸಿಕೊಳ್ಳುತ್ತದೆ. ನಮ್ಮ ಚರ್ಮದಲ್ಲಿ ಬಿ12 ತುಂಬಿದರೆ ಅದು ಆ ಕೆಲಸವನ್ನು ಕಡಿಮೆ ಮಾಡುತ್ತದೆ, ಉಳಿದ ಕಚ್ಚಾ ಸಾಮಗ್ರಿ ಪೋರ್ಫಿರಿನ್ ಎಂಬ ವಸ್ತುವಿನ ತಯಾರಿಗೆ ಹೊರಳುತ್ತದೆ. ಪೋರ್ಫಿರಿನ್ ಉರಿಯೂತ ಎಬ್ಬಿಸುತ್ತದೆ. ಆ ಪ್ರಯೋಗದಲ್ಲಿ ಬಿ12 ಪಡೆದ ಹತ್ತು ಮಂದಿಯಲ್ಲಿ ಮೊಡವೆ ಎದ್ದದ್ದು ಒಬ್ಬರಿಗೆ ಮಾತ್ರ. ಆದ್ದರಿಂದ ಬಿ12 ತಿಂದವರಿಗೆಲ್ಲ ಮೊಡವೆ ಎನ್ನುವಂತಿಲ್ಲ.

ಸ್ಟ್ರಿಪ್ ಸಿಕ್ಕ ಕೂಡಲೇ ತೀರ್ಪು ಕೊಡುವುದೂ ತಪ್ಪು. ಒಂದೇ ತೆರನಾದ ಗುಳ್ಳೆ ಬೇರೆ ಕಾರಣಗಳಿಂದಲೂ ಏಳುತ್ತದೆ. ಮುಖ ಬೆಳ್ಳಗಾಗಲು ಹಚ್ಚುವ ಸ್ಟಿರಾಯ್ಡ್ ಬೆರೆತ ಕ್ರೀಮು, ಕ್ಷಯದ ಐಸೋನಯಜಿಡ್, ಫಿಟ್ಸಿನ ಫೆನಿಟಾಯಿನ್, ಇವುಗಳನ್ನು ಚೀಲದಲ್ಲಿ ಹುಡುಕುತ್ತೇನೆ. ಹಣೆ, ಬೆನ್ನಿನಲ್ಲಿ ತುರಿಕೆ ಇದ್ದರೆ ಅದು ಮಳೆಗಾಲದ ಬೆವರಿಗೆ ಹೆಚ್ಚುವ ಯೀಸ್ಟ್ ಸೋಂಕು ಆಗಿರಬಹುದು. ಅದಕ್ಕೆ ಶಿಲೀಂಧ್ರದ ಮದ್ದೇ ಆಗಬೇಕು.

ಪರೀಕ್ಷೆ ಮಾಡಿಸದೆ, ಬರೇ ಸುಸ್ತಿಗೆಂದು ಬಿ12 ತೆಗೆದುಕೊಳ್ಳುತ್ತಿದ್ದರೆ ನಿಲ್ಲಿಸಿ 6 ವಾರ ಕಾಯುತ್ತೇನೆ. ಆ ಅವಧಿಯಲ್ಲಿ ಹೊಸ ಕ್ರೀಮು ಸೇರಿಸುವುದಿಲ್ಲ, ಸೇರಿಸಿದರೆ ಯಾವುದರಿಂದ ವಾಸಿಯಾಯಿತೆಂದು ತಿಳಿಯದು. ರಕ್ತದಲ್ಲಿ ಬಿ12 ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದು, ಪಾದ ಜುಮ್ಮೆನ್ನುವುದು, ನಾಲಗೆ ಉರಿ, ರಕ್ತಹೀನತೆ ಇದ್ದರಂತೂ ಬಿ12 ನಿಲ್ಲಿಸಲೇಬಾರದು. ನರ ಹಾಳಾದರೆ ಪೂರ್ತಿ ಹಿಂದಕ್ಕೆ ಬರುವ ಭರವಸೆ ಇಲ್ಲ, ಮೊಡವೆಗೆ ಬೇರೆ ಮದ್ದಿದೆ. ಅಂಥವರಿಗೆ ಬಿ12 ಮುಂದುವರಿಸಿಯೇ ಮುಖಕ್ಕೆ ಹಚ್ಚಲು ರಾತ್ರಿ 0.1% ಅಡಾಪಲೀನ್, ಬೆಳಿಗ್ಗೆ 2.5% ಬೆಂಜಾಯಿಲ್ ಪೆರಾಕ್ಸೈಡ್ ಕೊಡುತ್ತೇನೆ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಮೊದಲ ಎರಡು ವಾರ ಅಡಾಪಲೀನ್ ದಿನ ಬಿಟ್ಟು ದಿನ, ಇಲ್ಲವಾದರೆ ಚರ್ಮ ಸುಲಿದು ಬಿಟ್ಟುಬಿಡುತ್ತಾರೆ. ಗರ್ಭಿಣಿಯರಿಗೆ ಅಡಾಪಲೀನ್ ಕೊಡುವುದಿಲ್ಲ. ಪೆರಾಕ್ಸೈಡ್ ತಾಗಿದ ದಿಂಬಿನ ಬಟ್ಟೆ, ಶಾಲು ಬಣ್ಣ ಕಳೆದುಕೊಳ್ಳುತ್ತದೆ, ಮೊದಲೇ ಹೇಳಿಡಬೇಕು.

ಮೊಡವೆಗೆ ನಿಜವಾದ ಮದ್ದಾದ ವಿಟಮಿನ್ ಎಂದರೆ ಎ, ಅದೂ ರೂಪ ಬದಲಿಸಿದ ಮೇಲೆ. ಹಿಂದೆ ದಿನಕ್ಕೆ 3 ಲಕ್ಷ ಯೂನಿಟ್‌ವರೆಗೂ, ಅದಕ್ಕಿಂತ ಹೆಚ್ಚೂ ಕೊಟ್ಟದ್ದುಂಟು. ಗುಣ ಕಂಡಿತು, ಜೊತೆಗೆ ತಲೆನೋವು, ಯಕೃತ್ತಿಗೆ ಪೆಟ್ಟೂ ಬಂತು. 1982ರಲ್ಲಿ ಅಮೆರಿಕದಲ್ಲಿ ಎ ವಿಟಮಿನ್ನಿನ ಬದಲಿಸಿದ ರೂಪವಾದ ಐಸೋಟ್ರೆಟಿನಾಯಿನ್‌ಗೆ ಅನುಮತಿ ಸಿಕ್ಕ ಮೇಲೆ ಆ ದಾರಿಯ ಅಗತ್ಯವೇ ಉಳಿಯಲಿಲ್ಲ. ಇದು ಎಣ್ಣೆಗ್ರಂಥಿಯನ್ನೇ ಕುಗ್ಗಿಸುತ್ತದೆ. ಎ ವಿಟಮಿನ್ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ, ಇದು ನಿಲ್ಲಿಸಿದ ಒಂದು ತಿಂಗಳೊಳಗೆ ದೇಹ ಬಿಡುತ್ತದೆ. ತೂಕದ ಪ್ರತಿ ಕಿಲೋಗೆ ದಿನಕ್ಕೆ 0.5 ಮಿಲಿಗ್ರಾಂನಿಂದ ಆರಂಭ, ಇಡೀ ಚಿಕಿತ್ಸೆಗೆ ಒಟ್ಟು ಪ್ರತಿ ಕಿಲೋಗೆ 120ರಿಂದ 150 ಮಿಲಿಗ್ರಾಂ. 50 ಕಿಲೋದವರಿಗೆ ದಿನಕ್ಕೆ 25ರ ಆಸುಪಾಸು ಅನ್ನಿ. ಖಾಲಿ ಹೊಟ್ಟೆಗೆ ಸರಿಯಾಗಿ ಹೀರುವುದಿಲ್ಲ, ಜಿಡ್ಡಿರುವ ಊಟದ ಜೊತೆಗೇ ಬೇಕು. ಗಂಜಿ, ಉಪ್ಪಿನಕಾಯಿ ಉಂಡು ನುಂಗಿದರೆ ಅರ್ಧ ಮದ್ದು ವ್ಯರ್ಥ. ಗರ್ಭದಲ್ಲಿರುವ ಮಗುವಿಗೆ ಘೋರ ಊನ ತರುವ ಮದ್ದಿದು. ಶುರು ಮಾಡುವ ಒಂದು ತಿಂಗಳ ಮೊದಲಿನಿಂದ ನಿಲ್ಲಿಸಿದ ಒಂದು ತಿಂಗಳವರೆಗೆ ಗರ್ಭ ನಿಲ್ಲಬಾರದು, ಈ ಅವಧಿಯಲ್ಲಿ ರಕ್ತದಾನವೂ ಬೇಡ. ಹುಡುಗಿಯ ಜೊತೆ ಅಮ್ಮ ಬಂದಿದ್ದರೂ ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಹುಡುಗಿಗೇ ನೇರವಾಗಿ ಇದನ್ನು ಹೇಳುತ್ತೇನೆ.

ಇಲ್ಲೂ ಚೀಲ ಬೇಕು. ಐಸೋಟ್ರೆಟಿನಾಯಿನ್ ಜೊತೆ ವಿಟಮಿನ್ ಎ ಕ್ಯಾಪ್ಸೂಲ್, ಮೀನಿನ ಯಕೃತ್ತಿನ ಎಣ್ಣೆ ಸೇರಿದರೆ ಎ ವಿಷವಾಗುತ್ತದೆ. ಮೊಡವೆಗೆ ಕೊಡುವ ಆಂಟಿಬಯೋಟಿಕ್ ಡಾಕ್ಸಿಸೈಕ್ಲಿನ್ ಸೇರಿದರೆ ತಲೆಬುರುಡೆಯೊಳಗೆ ಒತ್ತಡ ಏರಬಹುದು. ನುಗ್ಗೆಸೊಪ್ಪು, ಹರಿವೆ, ಪಪ್ಪಾಯಿ ಬಿಡಬೇಕಾಗಿಲ್ಲ. ಅವುಗಳ ಕ್ಯಾರೊಟಿನ್‌ನಿಂದ ದೇಹ ತನಗೆ ಬೇಕಾದಷ್ಟೇ ಎ ಮಾಡಿಕೊಳ್ಳುತ್ತದೆ, ಅತಿಯಾದರೆ ಅಂಗೈ ಹಳದಿಯಾದೀತು ಅಷ್ಟೆ.

ಡಿ ವಿಟಮಿನ್ ವಿಷಯಕ್ಕೆ ಬಂದರೆ, ಬರೇ ಮೊಡವೆಗೆಂದು ನಾನು ಈ ಪರೀಕ್ಷೆ ಬರೆಯುವುದಿಲ್ಲ. ಮೊಡವೆ ಇರುವವರಲ್ಲಿ ಡಿ ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ನಮ್ಮಲ್ಲಿ ಮೊಡವೆ ಇಲ್ಲದವರಲ್ಲೂ ಡಿ ಕಡಿಮೆಯೇ, ಮೇಲಾಗಿ ಉರಿಯೂತವೇ ಅಂಕಿಯನ್ನು ಇಳಿಸುತ್ತದೆ. ಬೇರೆ ಕಾರಣಕ್ಕೆ ಮಾಡಿಸಿದಾಗ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ವಾರಕ್ಕೆ 60,000 ಯೂನಿಟ್, 8 ವಾರ. ಎಲುಬಿಗೆ ಇದರ ಲಾಭ ಖಚಿತ, ಮುಖಕ್ಕೆ ಆದರೆ ಒಳ್ಳೆಯದು. ತಪ್ಪಾಗುವುದು ವಾರದ್ದನ್ನು ದಿನದ್ದೆಂದು ನುಂಗಿದಾಗ. ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಅತಿ ಬಾಯಾರಿಕೆ, ಪದೇ ಪದೇ ಮೂತ್ರ ಬರುತ್ತವೆ. ಅದಕ್ಕೆ ಚೀಟಿಯಲ್ಲಿ ವಾರದ ಹೆಸರನ್ನೇ ಬರೆಯುತ್ತೇನೆ: 'ಶುಕ್ರವಾರ ಮಾತ್ರ' ಅಥವಾ 'ಭಾನುವಾರ ಮಾತ್ರ', ಆ ಮನೆಯವರು ಮರೆಯದ ದಿನ ಯಾವುದೋ ಅದು. ಇನ್ನೊಂದು ತೊಡಕು: ಡಿಗೆಂದು ಬಿಸಿಲಿಗೆ ನಿಲ್ಲಿ ಎನ್ನುತ್ತಾರೆ, ಡಾಕ್ಸಿಸೈಕ್ಲಿನ್, ಐಸೋಟ್ರೆಟಿನಾಯಿನ್ ಎರಡೂ ಚರ್ಮವನ್ನು ಬಿಸಿಲಿಗೆ ಸುಡುವಂತೆ ಮಾಡುತ್ತವೆ. ಈ ಮದ್ದು ನಡೆಯುವಾಗ ಡಿ ಬಾಯಿಂದಲೇ ಬರಲಿ.

ಸತು ವಿಟಮಿನ್ ಅಲ್ಲ, ಆದರೂ ಅದೇ ಸಾಲಿನಲ್ಲಿ ಕೊಡುತ್ತಾರೆ. ದಿನಕ್ಕೆ 30 ಮಿಲಿಗ್ರಾಂ ಸತು, ಊಟದ ನಂತರ, ಮೂರು ತಿಂಗಳು. ಡಬ್ಬಿಯ ಅಂಕಿ ಲವಣದ್ದೋ ಸತುವಿನದ್ದೋ ನೋಡಬೇಕು: 220 ಮಿಲಿಗ್ರಾಂ ಜಿಂಕ್ ಸಲ್ಫೇಟಿನಲ್ಲಿ ಸತು 50 ಮಾತ್ರ. ಬಹುಕಾಲ ತಿಂದರೆ ತಾಮ್ರ ಇಳಿಯುತ್ತದೆ. ಸತು, ಕಬ್ಬಿಣ, ಕ್ಯಾಲ್ಸಿಯಂ ಮೂರೂ ಡಾಕ್ಸಿಸೈಕ್ಲಿನ್ ಅನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ, ನಡುವೆ ಕನಿಷ್ಠ ಎರಡು ಮೂರು ಗಂಟೆ ಬಿಡಬೇಕು.

ಕೂದಲಿಗೆಂದು ತಿನ್ನುವ 10 ಮಿಲಿಗ್ರಾಂ ಬಯೋಟಿನ್ ವಿಟಮಿನ್ ಕೆಲವು ಯಂತ್ರಗಳಲ್ಲಿ ರಕ್ತಪರೀಕ್ಷೆಯನ್ನೇ ಕೆಡಿಸುತ್ತದೆ. ಟಿಎಸ್‌ಎಚ್ ಎಂಬ ಥೈರಾಯ್ಡ್ ಅಂಕಿ ಸುಳ್ಳೇ ಕಡಿಮೆ, ಡಿ ಸುಳ್ಳೇ ಹೆಚ್ಚು ಕಾಣಬಹುದು. ಪರೀಕ್ಷೆಗೆ ಮೂರು ದಿನ ಮೊದಲು ನಿಲ್ಲಿಸಲು ಹೇಳುತ್ತೇನೆ.

ಲೆಕ್ಕ ಇಲ್ಲದಿದ್ದರೆ ಇದೆಲ್ಲ ಊಹೆಯಾಗುತ್ತದೆ. ಮುಖದ ಒಂದೇ ಬದಿಯ ಬ್ಲ್ಯಾಕ್‌ಹೆಡ್, ಕೆಂಪು ಗುಳ್ಳೆ, ಕೀವುಗುಳ್ಳೆಗಳನ್ನು ಬೇರೆ ಬೇರೆ ಎಣಿಸಿ ಬರೆದಿಡುತ್ತೇನೆ. ಅದೇ ಕಿಟಕಿಯ ಬೆಳಕಲ್ಲಿ, ಒಂದು ಮೊಳ ದೂರದಿಂದ, ನಾಲ್ಕು ವಾರಕ್ಕೊಂದು ಫೋಟೊ. ಒಂದು ಸಲಕ್ಕೆ ಒಂದೇ ಬದಲಾವಣೆ, ಕ್ರೀಮಾದರೆ 8ರಿಂದ 12 ವಾರ. ಹಣೆ, ಕೂದಲಂಚಿನಲ್ಲಿ ಮಾತ್ರ ಸಣ್ಣ ಮುಚ್ಚಿದ ಗುಳ್ಳೆಗಳಿದ್ದರೆ ಮೊದಲ ಬದಲಾವಣೆ ತೆಂಗಿನೆಣ್ಣೆ: ಮೀಯುವ ಮೊದಲು ಹಚ್ಚಿ ತೊಳೆಯಲಿ, ಹಚ್ಚಿಕೊಂಡೇ ಮಲಗುವುದು ಬೇಡ.

ಬಿ12 ನಿಲ್ಲಿಸಿ ಗುಳ್ಳೆ ಇಳಿದ ಸಸ್ಯಾಹಾರಿಗಳನ್ನು ಹಾಗೇ ಬಿಡುವಂತಿಲ್ಲ. ಒಂದು ಲೋಟ, ಅಂದರೆ 250 ಮಿಲಿಲೀಟರ್ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಬಿ12 ಇದೆ. ದಿನಕ್ಕೆ ಎರಡು ಲೋಟದಷ್ಟು ಹಾಲು, ಮೊಸರು ಇಲ್ಲದವರಿಗೆ 5ರಿಂದ 10 ಮೈಕ್ರೋಗ್ರಾಂ ಇರುವ ಗುಳಿಗೆ ಶುರು ಮಾಡಿ, ಮೂರು ತಿಂಗಳಿಗೆ ರಕ್ತ ನೋಡುತ್ತೇನೆ. ಗುಳ್ಳೆ ಮತ್ತೆ ಎದ್ದರೆ ಸ್ಟ್ರಿಪ್ ಹಿಡಿದುಕೊಂಡೇ ಬರಲಿ.