ಸ್ಪಿರಿಟ್ ಉಜ್ಜುವುದು ಬಿಟ್ಟ ಮೇಲೆ ನಮ್ಮ ವಾರ್ಡಿನಲ್ಲಿ ಬೆಡ್‌ಸೋರ್ ಕಡಿಮೆಯಾಯಿತು: ನನ್ನ ಅನುಭವ

ನಮ್ಮ ಫೀಮೇಲ್ ಮೆಡಿಕಲ್ ವಾರ್ಡಿನಲ್ಲಿ ಕಳೆದ ಮೂರು ತಿಂಗಳಲ್ಲಿ ಹೊಸದಾಗಿ ಆದ ಬೆಡ್‌ಸೋರ್ (ಒಂದೇ ಕಡೆ ಮಲಗಿ ಒತ್ತಡದಿಂದ ಆಗುವ ಹುಣ್ಣು) ಎರಡೇ. ಎರಡು ವರ್ಷದ ಹಿಂದೆ ಇದೇ ಮೂರು ತಿಂಗಳಲ್ಲಿ 13 ಅಥವಾ 14 ಆಗಿದ್ದವು. ಹಾಸಿಗೆ ಹಿಡಿದ ರೋಗಿಗಳು ಎರಡು ಸಲವೂ ಹೆಚ್ಚುಕಮ್ಮಿ 60 ಜನ. "ಇದೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಆಗೋ ಮಾತಲ್ಲ" ಎಂದವರೇ ಈಗ ಬಂದು ನಮ್ಮ ರಿಜಿಸ್ಟರ್ ನೋಡಿಕೊಂಡು ಹೋಗುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ನರ್ಸ್‌ಗಳೆಲ್ಲ ಕಲಿತ ಬ್ಯಾಕ್ ಕೇರ್ ನೆನಪಿದೆಯಲ್ಲ? ಬೆನ್ನು ಒರೆಸು, ಸ್ಪಿರಿಟ್ ಹಾಕಿ ಉಜ್ಜು, ಪೌಡರ್ ಬಳಿ. ಕೆಂಪಾದ ಜಾಗದಲ್ಲಿ ಇನ್ನೂ ಜಾಸ್ತಿ ಉಜ್ಜು. 11 ವರ್ಷ ನಾನೂ ಹಾಗೇ ಮಾಡಿದ್ದೇನೆ, ಜೂನಿಯರ್‌ಗಳಿಗೂ ಹಾಗೇ ಕಲಿಸಿದ್ದೇನೆ. ಪೋಸ್ಟ್ ಬೇಸಿಕ್ ನರ್ಸಿಂಗ್ ಕೋರ್ಸ್ ಓದುವಾಗ ಒಂದು ಅಸೈನ್‌ಮೆಂಟಿಗಾಗಿ 2014ರ ಅಂತಾರಾಷ್ಟ್ರೀಯ ಬೆಡ್‌ಸೋರ್ ಮಾರ್ಗಸೂಚಿ ತೆಗೆದು ನೋಡಿದೆ. ಹುಣ್ಣಾಗುವ ಅಪಾಯ ಇರುವ ಚರ್ಮವನ್ನು ತಿಕ್ಕಬೇಡಿ, ಮಸಾಜ್ ಮಾಡಬೇಡಿ ಅಂತ ಅದರಲ್ಲಿ ನೇರವಾಗಿ ಬರೆದಿತ್ತು. ಒಳಗೆ ಆಗಲೇ ಪೆಟ್ಟಾಗಿರುವ ಸಣ್ಣ ರಕ್ತನಾಳಗಳನ್ನು ನಾವೇ ಉಜ್ಜಿ ಹರಿಯುತ್ತಿದ್ದೆವು. ಸ್ಪಿರಿಟ್ ಚರ್ಮವನ್ನು ಒಣಗಿಸಿ ಬಿರುಕು ಬಿಡಿಸುತ್ತಿತ್ತು. ಅದನ್ನು ಓದಿದ ಮೇಲೆ ನಾನು ಉಜ್ಜಿದ ಎಷ್ಟೋ ಬೆನ್ನುಗಳು ಕಣ್ಣ ಮುಂದೆ ಬಂದವು. ಒಂದು ವಾರ ಸರಿಯಾಗಿ ನಿದ್ದೆ ಬರಲಿಲ್ಲ.

ವಾರ್ಡಿನಲ್ಲಿ ಹೇಳಿದರೆ ಯಾರೂ ಒಪ್ಪಲಿಲ್ಲ. "25 ವರ್ಷದಿಂದ ಉಜ್ಜಿದ್ದೀವಿ. ನೀನು ಒಂದು ಪೇಪರ್ ಓದಿಕೊಂಡು ಬಂದು ಬೇಡ ಅಂತೀಯಲ್ಲಮ್ಮಾ" ಎಂದರು ನಮ್ಮ ಹಿರಿಯ ಸಿಸ್ಟರ್. ಹುಣ್ಣು ಎಣಿಸಿ ನೋಡೋಣ ಅಂದಾಗ, "ಬೆನ್ನು ನೋಡೋದು ಬಿಟ್ಟು ಲೆಕ್ಕ ಬರೀತಾ ಕೂತರೆ ಹೇಗೆ?" ಎಂದರು. ಮೇ 12ರಂದು ನಾವು ದೀಪ ಹಚ್ಚಿ ನೆನೆಯುವ ಫ್ಲಾರೆನ್ಸ್ ನೈಟಿಂಗೇಲ್ ಮಾಡಿದ್ದೂ ಅದನ್ನೇ ಅಲ್ವಾ? ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ರೋಗದಿಂದಲೇ ಜಾಸ್ತಿ ಸತ್ತರು ಅಂತ ಅಂಕಿ ಇಟ್ಟು ಸರ್ಕಾರಕ್ಕೆ ತೋರಿಸಿದವರು ಅವರು. ನಾನು ವಾದ ಮಾಡಲಿಲ್ಲ. 40 ರೂಪಾಯಿಯ ಒಂದು ಲಾಂಗ್ ನೋಟ್‌ಬುಕ್ ತಂದು ಎಣಿಸಲು ಶುರು ಮಾಡಿದೆ.

ಮೊದಲ ಎರಡು ತಿಂಗಳ ಲೆಕ್ಕ ಪೂರ್ತಿ ಹಾಳಾಯಿತು. ಮೂತ್ರದಲ್ಲಿ ನೆನೆದು ಚರ್ಮ ಸುಲಿದಿದ್ದನ್ನೂ ಬೆಡ್‌ಸೋರ್ ಅಂತಲೇ ಬರೆದುಬಿಟ್ಟಿದ್ದೆವು. ಒದ್ದೆಯಿಂದ ಆದದ್ದು ಹರಡಿಕೊಂಡಿರುತ್ತದೆ, ಅಂಚು ಸ್ಪಷ್ಟ ಇರುವುದಿಲ್ಲ. ಒತ್ತಡದಿಂದ ಆದದ್ದು ಸಾಮಾನ್ಯವಾಗಿ ಮೂಳೆಯ ಮೇಲೇ ಇರುತ್ತದೆ. ಇದನ್ನು ಎಲ್ಲರಿಗೂ ತೋರಿಸಿಕೊಟ್ಟು ಮತ್ತೆ ಸೊನ್ನೆಯಿಂದ ಶುರು ಮಾಡಿದೆವು. ನೀವು ಮಾಡುವುದಾದರೆ ಇದನ್ನು ಮೊದಲ ದಿನವೇ ಬೇರೆ ಮಾಡಿಕೊಳ್ಳಿ. ಎರಡಕ್ಕೂ ಮದ್ದು ಬೇರೆ.

ಇನ್ನೊಂದು ತೊಡಕನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಪುಸ್ತಕದಲ್ಲಿ ಬೆಡ್‌ಸೋರಿನ ಮೊದಲ ಹಂತ ಅಂದರೆ ಕೆಂಪಾಗುವುದು, ಒತ್ತಿದರೆ ಬಿಳಿಯಾಗದಿರುವುದು. ನಮ್ಮ ಅಜ್ಜಿಯರ ಕಪ್ಪು ಚರ್ಮದಲ್ಲಿ ಕೆಂಪು ಎಲ್ಲಿ ಕಾಣುತ್ತದೆ? ನಮ್ಮ ರಿಜಿಸ್ಟರಿನಲ್ಲಿ ಮೊದಲ ಹಂತ ಅನ್ನುವುದೇ ಇರಲಿಲ್ಲ, ಎಲ್ಲರೂ ನೇರವಾಗಿ ಎರಡನೇ ಹಂತಕ್ಕೆ, ಅಂದರೆ ಚರ್ಮ ಕಿತ್ತುಹೋದ ಹಂತಕ್ಕೆ, ಬರುತ್ತಿದ್ದರು. ಅಂದರೆ ನಾವು ನೋಡಿಯೂ ಕಂಡಿರಲಿಲ್ಲ. ಆಮೇಲೆ ಕೈಯಿಂದ ನೋಡುವುದು ರೂಢಿ ಮಾಡಿಕೊಂಡೆವು. ಬೆರಳಿನ ಹಿಂಬದಿ ಸೇಕ್ರಮ್ (ಬೆನ್ನುಮೂಳೆಯ ಬುಡದ ಮೂಳೆ) ಮೇಲಿಡಬೇಕು, ನಂತರ ಪಕ್ಕದ ಚರ್ಮದ ಮೇಲೆ. ಬಿಸಿ ಅಥವಾ ತಂಪು ವ್ಯತ್ಯಾಸ ಇದೆಯಾ? ಗಟ್ಟಿಯಾಗಿದೆಯಾ, ಇಲ್ಲ ಮೆತ್ತಗಾಗಿದೆಯಾ? ಮುಟ್ಟಿದರೆ ಅಜ್ಜಿ ಮುಖ ಕಿವುಚುತ್ತಾರಾ? ಬಣ್ಣ ನೇರಳೆ ಕಡೆ ತಿರುಗಿದೆಯಾ? ಟಾರ್ಚಿಗಿಂತ ಕಿಟಕಿಯ ಬೆಳಕು ಒಳ್ಳೆಯದು. ಇಷ್ಟಕ್ಕೆ ಒಂದು ಪೈಸೆ ಖರ್ಚಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ವಾರ್ಡಿನ ಹುಡುಗಿಯರ ಕೈ ಯಾವ ದೊಡ್ಡ ಆಸ್ಪತ್ರೆಗೂ ಕಡಿಮೆಯಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಹಾಸಿಗೆಯ ವಿಷಯದಲ್ಲಿ ದುಡ್ಡು ಕಳೆದುಕೊಂಡೆವು. ಮೊದಲು ಎರಡು ಏರ್ ಬೆಡ್ ತರಿಸಿದೆವು, ಒಂದಕ್ಕೆ ಎರಡೂವರೆ ಸಾವಿರದ ಆಸುಪಾಸು. ಕರೆಂಟ್ ಹೋದರೆ ಗಾಳಿ ಇಳಿಯುತ್ತಿತ್ತು. ಒಂದಕ್ಕೆ ಮೂರನೇ ವಾರದಲ್ಲೇ ಸೂಜಿ ಚುಚ್ಚಿ ತೂತಾಯಿತು. ನಾವು ಆರು ಜನ ಸಿಸ್ಟರ್‌ಗಳು ತಲಾ 1,000 ಹಾಕಿ ಮೂರು ಅಗ್ಗದ ಫೋಮ್ ಹಾಸಿಗೆ ತಂದೆವು. ನಾಲ್ಕು ತಿಂಗಳಿಗೆ ನಡು ಕುಸಿದು ಹಳ್ಳವಾಯಿತು. ಕುಸಿದಿದೆಯೋ ಇಲ್ಲವೋ ನೋಡಲು ರೋಗಿ ಮಲಗಿರುವಾಗಲೇ ಹಾಸಿಗೆಯ ಅಡಿಗೆ ಅಂಗೈ ಮೇಲೆ ಮಾಡಿ ಕೈ ತೂರಿಸಿ. ಮೂಳೆ ಕೈಗೆ ಸಿಕ್ಕಿದರೆ ಆ ಹಾಸಿಗೆಯ ಕೆಲಸ ಮುಗಿಯಿತು. ಆರು ತಿಂಗಳ ರಿಜಿಸ್ಟರ್ ಹಿಡಿದು ಆಸ್ಪತ್ರೆಯ ಖರ್ಚಿಗೆ ಹಣ ಮಂಜೂರು ಮಾಡುವ ಆರೋಗ್ಯ ರಕ್ಷಾ ಸಮಿತಿ ಮುಂದೆ ಹೋದೆ. ಒಂದು ದೊಡ್ಡ ಹುಣ್ಣಿಗೆ ದಿನಕ್ಕೆ ಎಷ್ಟು ಗಾಜ್, ಎಷ್ಟು ಆಂಟಿಬಯಾಟಿಕ್, ಎಷ್ಟು ದಿನ ಹೆಚ್ಚುವರಿ ಬೆಡ್ ಅಂತ ಬರೆದುಕೊಂಡು ಹೋಗಿದ್ದೆ. 40 ಡೆನ್ಸಿಟಿಯ (ಒತ್ತಾದ) ನಾಲ್ಕಿಂಚಿನ 10 ಫೋಮ್ ಹಾಸಿಗೆ ಮಂಜೂರಾದವು, ಒಂದಕ್ಕೆ ಸುಮಾರು ನಾಲ್ಕೂವರೆ ಸಾವಿರ. ಮೇಲೆ ಹಾಕುವ ರೆಕ್ಸಿನ್ ಬಿಗಿಯಾಗಿರಬಾರದು, ಬಿಗಿಯಾದರೆ ಫೋಮ್ ಇದ್ದೂ ಪ್ರಯೋಜನವಿಲ್ಲ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅನ್ನುವುದು ಎಲ್ಲರಿಗೂ ಬಾಯಿಪಾಠ. 40 ರೋಗಿಗಳಿಗೆ ರಾತ್ರಿ ಇಬ್ಬರೇ ಸಿಸ್ಟರ್ ಇದ್ದರೆ ಅದು ಚಾರ್ಟಿನಲ್ಲಿ ಮಾತ್ರ ನಡೆಯುತ್ತದೆ. 2013ರಲ್ಲಿ ಪ್ರಕಟವಾದ, ಅಮೆರಿಕ ಮತ್ತು ಕೆನಡಾದ ನರ್ಸಿಂಗ್ ಹೋಮ್‌ಗಳಲ್ಲಿ (ವೃದ್ಧರ ಆರೈಕೆ ಕೇಂದ್ರಗಳಲ್ಲಿ) ನಡೆದ ಟರ್ನ್ ಅಧ್ಯಯನದಲ್ಲಿ 942 ಜನರನ್ನು ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ತಿರುಗಿಸಿ ನೋಡಿದ್ದರು. ಹುಣ್ಣಿನ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಇದನ್ನು ಕೇಳಿ ನಮ್ಮವರೊಬ್ಬರು, "ಹಾಗಾದರೆ ನಾವೂ ನಾಲ್ಕು ಗಂಟೆಗೆ ಮಾಡೋಣ" ಎಂದರು. ನಾನು ಒಪ್ಪಲಿಲ್ಲ. ಅಲ್ಲಿ ಎಲ್ಲರೂ ಒಳ್ಳೆಯ ಫೋಮ್ ಹಾಸಿಗೆಯ ಮೇಲಿದ್ದರು, ನಮ್ಮವರು ಗಂಟುಗಟ್ಟಿದ ಹತ್ತಿ ಹಾಸಿಗೆಯ ಮೇಲೆ. ಅವರು ವೃದ್ಧಾಶ್ರಮದವರು, ನಮ್ಮವರು ಲಕ್ವ ಹೊಡೆದು ಜ್ವರದಲ್ಲಿ ಬಂದವರು. ಯಾರ ಹಾಸಿಗೆ ಮೇಲೆ ಮಾಡಿದ ಅಧ್ಯಯನ ಅಂತ ನೋಡದೆ ಅಂಕಿ ಮಾತ್ರ ಎತ್ತಿಕೊಳ್ಳಬಾರದು. ಫೋಮ್ ಬಂದ ಮೇಲೆ ಹಗಲು ಎರಡು ಗಂಟೆಗೆ, ರಾತ್ರಿ ಮೂರು ಗಂಟೆಗೆ ಅಂತ ಮಾಡಿಕೊಂಡೆವು. ಬೆಡ್‌ಸೋರ್ ಅಪಾಯ ಅಳೆಯುವ ಬ್ರೇಡನ್ ಸ್ಕೋರ್ (ಕಡಿಮೆಯಾದಷ್ಟೂ ಅಪಾಯ ಜಾಸ್ತಿ) 12ಕ್ಕಿಂತ ಕೆಳಗಿದ್ದವರಿಗೆ ರಾತ್ರಿಯೂ ಎರಡೇ.

ನಿಜವಾಗಿ ಕೆಲಸ ಮಾಡಿದ್ದು ಎರಡು ಸಂಗತಿ. ಬೆಳಿಗ್ಗೆ 8, ಮಧ್ಯಾಹ್ನ 2, ರಾತ್ರಿ 8ರ ಹ್ಯಾಂಡ್‌ಓವರ್‌ನಲ್ಲಿ ಡ್ಯೂಟಿ ಮುಗಿಸಿದವರು, ವಹಿಸಿಕೊಳ್ಳುವವರು ಇಬ್ಬರೂ ಸಿಸ್ಟರ್ ಸೇರಿ ರೋಗಿಯನ್ನು ತಿರುಗಿಸಿ ಬೆನ್ನು, ಹಿಮ್ಮಡಿ ಮುಟ್ಟಿ ನೋಡಲೇಬೇಕು. ನೋಡದೆ ಡ್ಯೂಟಿ ವಹಿಸಿಕೊಳ್ಳುವಂತಿಲ್ಲ. ಎರಡನೆಯದು, ರೋಗಿಯ ಕಡೆಯವರು. ಅವರಿಗೆ ಎಡ, ಬಲ ಅಂದರೆ ಗೊಂದಲ. ತಮ್ಮ ಎಡವೋ, ಮಲಗಿದವರ ಎಡವೋ? "ಈಗ ಕಿಟಕಿ ಕಡೆ, ಆಮೇಲೆ ಬಾಗಿಲ ಕಡೆ" ಅಂದೆವು, ತಕ್ಷಣ ಸರಿಹೋಯಿತು. ರಟ್ಟಿನ ಗಡಿಯಾರದಲ್ಲಿ ಕಿಟಕಿ, ಬಾಗಿಲಿನ ಚಿತ್ರ ಬರೆದು ಮಂಚಕ್ಕೆ ಕಟ್ಟಿದೆವು. ಪೂರ್ತಿ ಮಗ್ಗುಲಲ್ಲ, ಬೆನ್ನ ಹಿಂದೆ ಮಡಚಿದ ಕಂಬಳಿ ಇಟ್ಟು 30 ಡಿಗ್ರಿ ವಾಲಿಸಿದರೆ ಸಾಕು. ರಾತ್ರಿ ಎರಡು ಗಂಟೆಗೆ ಅವರನ್ನು ತಾವಾಗಿಯೇ ಏಳುವಂತೆ ಮಾಡಲು ನನ್ನದೊಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ವಾರ್ಡಿಗೆ ಒಂದು ನೈಟ್ ಡ್ಯೂಟಿಗೆ ಬಂದು ನೋಡಿ.

ನಡುವೆ ಇನ್ನೂ ಏನೇನೋ ಮಾಡಿ ನೋಡಿದೆ. ಹಿಮ್ಮಡಿಯ ಕೆಳಗೆ ನೀರು ತುಂಬಿದ ಗ್ಲೌಸ್ ಇಡುವುದನ್ನು ನಿಲ್ಲಿಸಿದೆ. ಕಾಲು ಜಾರುತ್ತದೆ, ಒತ್ತಡವೆಲ್ಲ ಒಂದೇ ಕಡೆ ಬೀಳುತ್ತದೆ. ಮಗುವಿಗೆ ಮಾಡುವಂಥ ರಾಗಿ ದಿಂಬನ್ನು ಹೊಲಿಸಿ ಮೀನಖಂಡದ ಕೆಳಗೆ ಇಟ್ಟೆ. ಆಕಾರಕ್ಕೆ ಚೆನ್ನಾಗಿ ಕೂರುತ್ತಿತ್ತು, ಆದರೆ ಒದ್ದೆಯಾಗಿ ವಾಸನೆ ಬಂತು, ಇಲಿಯೂ ಬಂತು. ಕೊನೆಗೆ ಬೂರುಗದ ಅರಳೆಯ ಉದ್ದ ದಿಂಬೇ ಗೆದ್ದಿತು. ಮೀನಖಂಡ ಪೂರ್ತಿ ದಿಂಬಿನ ಮೇಲೆ, ಹಿಮ್ಮಡಿ ಗಾಳಿಯಲ್ಲಿ. ಒಣ ಚರ್ಮಕ್ಕೆ ಕೊಬ್ಬರಿ ಎಣ್ಣೆಯನ್ನು ಉಜ್ಜದೆ ಸುಮ್ನೆ ಸವರುತ್ತೇವೆ.

ಡೈಪರ್ ಒಂದಕ್ಕೆ 40ರಿಂದ 50 ರೂಪಾಯಿ. ಬಡವರು ಅದು ತುಂಬಿ ತುಳುಕುವವರೆಗೆ ಬದಲಿಸುವುದಿಲ್ಲ, ಅವರ ಕಷ್ಟ ಅವರಿಗೆ. ಹಳೆಯ ಕಾಟನ್ ಸೀರೆ ತುಂಡು ಮಾಡಿ ತರಲು ಹೇಳುತ್ತೇವೆ. ಒದ್ದೆಯಾದ ಕೂಡಲೇ ಬದಲಿಸಿ, ಒಗೆದು, ಬಿಸಿಲಿಗೆ ಹಾಕಿದರೆ ಆಯಿತು. ಚರ್ಮಕ್ಕೆ ಜಿಂಕ್ ಕ್ರೀಮ್ ತೆಳ್ಳಗೆ.

ಆ ಹಿರಿಯ ಸಿಸ್ಟರ್ ರಿಟೈರ್ ಆಗುವ ಮುಂಚೆ ಒಂದು ದಿನ ಸ್ಪಿರಿಟ್ ಬಾಟಲಿಯನ್ನು ಬ್ಯಾಕ್ ಕೇರ್ ಟ್ರೇಯಿಂದ ತಾವೇ ತೆಗೆದಿಟ್ಟರು. ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಪಕ್ಕದ ಆರ್ಥೋ ವಾರ್ಡಿನವರು ಕರೆದಿದ್ದಾರೆ. ಸೊಂಟ ಮುರಿದು, ಕಾಲಿಗೆ ತೂಕ ಕಟ್ಟಿ ಎಳೆದಿಡುವ ಟ್ರಾಕ್ಷನ್‌ನಲ್ಲಿರುವ ಅಜ್ಜಿಯರನ್ನು ಕಿಟಕಿ ಕಡೆಗೂ ತಿರುಗಿಸುವಂತಿಲ್ಲ, ಬಾಗಿಲ ಕಡೆಗೂ ತಿರುಗಿಸುವಂತಿಲ್ಲ. ಅವರಿಗೆ ಬೇರೆ ದಾರಿ ಹುಡುಕಬೇಕು. ಮೊದಲ ಹೆಜ್ಜೆಯಾಗಿ ಅಲ್ಲಿಗೂ ಒಂದು ನೋಟ್‌ಬುಕ್ ಕೊಟ್ಟು ಬಂದಿದ್ದೇನೆ.