ಕೆರೆಗೆ ಬೆಲೆ ಕಟ್ಟಿದ್ದು ಹೊರೆ ಲೆಕ್ಕದಲ್ಲಿ

"ಕೆರಿ ಏನ್ ರೊಕ್ಕ ಕೊಡತೈತ್ರೀ?" ಎಂದು ಕೇಳುತ್ತಿದ್ದ ಪಂಚಾಯ್ತಿ ಸದಸ್ಯರೇ ಈಗ ಲೆಕ್ಕದ ಹಾಳೆ ಕೇಳಿ ಇಸಿದುಕೊಂಡಿದ್ದಾರೆ. ಗದಗ ಜಿಲ್ಲೆಯ ಶಿರಹಟ್ಟಿ ಸೀಮೆಯ ಸುಮಾರು 40 ಹೆಕ್ಟೇರ್ ಕೆರೆ. ಅದು ಊರಿಗೆ ಕೊಡುವುದಕ್ಕೆಲ್ಲ ಬೆಲೆ ಕಟ್ಟುವ ಎರಡು ವರ್ಷದ ಕೆಲಸಕ್ಕೆ ಒಂದೂವರೆ ಲಕ್ಷದ ಆಸುಪಾಸು ಹೋಯಿತು. ಅದರಲ್ಲಿ 40 ಸಾವಿರ ಮೊದಲ ಸುತ್ತಿನಲ್ಲೇ ನೀರುಪಾಲು.

ಆ ಸುತ್ತಿನಲ್ಲಿ "ಕೆರೆ ಉಳಿಯಲು ವರ್ಷಕ್ಕೆ ಎಷ್ಟು ಕೊಡುತ್ತೀರಿ?" ಎಂದು ಕೇಳಿದ್ದೆ. ಹೊಸ ತೆರಿಗೆ ಬೀಳುತ್ತದೆಂದು ಅಂಜಿದವರು 10 ರೂಪಾಯಿ ಎಂದರು, ಬಂದವರ ಮನಸ್ಸು ನೋಯಿಸಬಾರದೆಂದವರು 500 ಎಂದರು. ನೂರಿಪ್ಪತ್ತು ಫಾರಂ ಕಟ್ಟಿಟ್ಟೆ.

ಎರಡನೇ ವರ್ಷ ರೊಕ್ಕದ ಮಾತೇ ಎತ್ತಲಿಲ್ಲ. ಎಷ್ಟು ಹೊರೆ ಆಪು (ಕೆರೆಯ ಜೊಂಡು), ಎಷ್ಟು ಹೊರೆ ಹಸಿ ಮೇವು, ಎಷ್ಟು ಬುಟ್ಟಿ ಮೀನು, ಕುರಿ ನೀರಿಗೆ ಎಷ್ಟು ದೂರ ನಡೆಯುತ್ತವೆ, ಇಷ್ಟೇ. "ವರ್ಷಕ್ಕೆ" ಎಂದರೆ ಬಾಯಿಗೆ ಬಂದದ್ದು ಹೇಳುತ್ತಾರೆ. ಕಳೆದ ವಾರದ್ದು ಕೇಳಬೇಕು, ಸೀಗಿ ಹುಣ್ಣಿವೆ, ಎಳ್ಳ ಅಮಾಸಿ, ಯುಗಾದಿ ಸುತ್ತಮುತ್ತ ಮೂರು ಸಲ ಹೋಗಬೇಕು. ಹೊರೆಯನ್ನು ತೂಗದೆ ಬಿಡಬೇಡಿ: ಒಂದೇ ಓಣಿಯಲ್ಲಿ 14 ಕಿಲೋದಿಂದ 30 ಕಿಲೋವರೆಗೆ ಇತ್ತು. ಇಪ್ಪತ್ತೈದು ಹೊರೆ ತೂಗಿ ನಡುವಿನದನ್ನು ಹಿಡಿದೆ. ಮೀನಿನ ಲೆಕ್ಕದಲ್ಲಿ ಯಾರ ಮಾತನ್ನು ಯಾರ ಮಾತಿಗೆ ತಾಳೆ ನೋಡಿದೆ ಎಂಬುದು ನನ್ನಲ್ಲೇ ಇರಲಿ. ಆ ದಾರಿ ಗೊತ್ತಾದರೆ ಅಂಕಿ ಕೆಡುತ್ತದೆ.

ಬೆಲೆ ಊರಿನ ಬೆಲೆಯೇ, ಗದಗದ ಮಾರುಕಟ್ಟೆಯದಲ್ಲ. ಬಲೆ ದುರಸ್ತಿ, ಐಸು, ಗಾಡಿ ಬಾಡಿಗೆ ಕಳೆಯಬೇಕು. ಕೂಲಿಯದೇ ತಕರಾರು. ಬೇಸಿಗೆಯಲ್ಲಿ ಆಪು ಕೊಯ್ಯುವ ಹೆಂಗಸರಿಗೆ ಬೇರೆ ಕೆಲಸವೇ ಇರುವುದಿಲ್ಲ, ಪೂರ್ತಿ ಕೂಲಿ ಕಳೆದರೆ ಅವರ ದುಡಿಮೆ ಸೊನ್ನೆಯಾಗುತ್ತದೆ. ಅರ್ಧ ಕಳೆದೆ, ಅದನ್ನು ಇವತ್ತಿಗೂ ಸರಿ ಎನ್ನುತ್ತೇನೆ.

ದೊಡ್ಡ ತಪ್ಪಾದದ್ದು ನೀರಿನಲ್ಲಿ. ದಿನಕ್ಕೆ 5 ಮಿಲಿಮೀಟರ್ ಇಂಗಿದರೆ 40 ಹೆಕ್ಟೇರಿಗೆ 20 ಲಕ್ಷ ಲೀಟರ್, ಅಂದರೆ 5,000 ಲೀಟರಿನ 400 ಟ್ಯಾಂಕರ್. ಟ್ಯಾಂಕರಿಗೆ 500 ಎಂದು ಗುಣಿಸಿದೆ, ದಿನಕ್ಕೆ 2 ಲಕ್ಷ ಬಂತು! ಯಾರೂ ನಂಬಲಿಲ್ಲ, ನಂಬಬಾರದಿತ್ತು ಕೂಡ. ಆ ಬೆಲೆಗೆ ಹೊಲಕ್ಕೆ ನೀರು ಕೊಳ್ಳುವವರು ಯಾರೂ ಇಲ್ಲ. ಏರಿಯ ಕೆಳಗಿನ ಬಾವಿಗಳ ಮಟ್ಟವನ್ನು ಟೇಪಿನಿಂದ ಅಳೆದು, ದೂರದ ಬಾವಿಗಳಿಗೆ ಹೋಲಿಸಿ, ಪಂಪು ಇಳಿಸುವ ಮತ್ತು ಆಳ ಮಾಡಿಸುವ ಖರ್ಚು ಎಷ್ಟು ಉಳಿಯಿತೆಂದು ಹಿಡಿದ ಮೇಲೆ ಅಂಕಿ ನೆಲಕ್ಕೆ ಬಂತು. ಇಂಗುವಿಕೆ ಅಳೆಯುವಾಗ ತೂಬು ಮುಚ್ಚಿರಬೇಕು, ಮಳೆ ಇರಬಾರದು, ಆವಿಯಾದದ್ದನ್ನು ಕಳೆಯಬೇಕು: ತೆರೆದ ಪ್ಯಾನಿನಲ್ಲಿ ನೀರಿಟ್ಟು ಅಳೆದ ಆವಿಯ 0.7 ಪಾಲು. ಬಾವಿ ನೀರಿಗೂ, ಅದೇ ನೀರಿನ ಬೆಳೆಗೂ ಬೆಲೆ ಬರೆದರೆ ಎರಡು ಸಲ ಎಣಿಸಿದಂತೆ.

ಕೆರೆ ತರುವ ನಷ್ಟವನ್ನೂ ಬರೆಯದಿದ್ದರೆ ರೈತರು ಹಾಳೆ ಮುಟ್ಟುವುದಿಲ್ಲ. 2024ರಲ್ಲಿ ರಾಮ್ಸಾರ್ ಪಟ್ಟಿಗೆ (ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿ) ಸೇರಿದ, ಇದೇ ಸೀಮೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಗಲು ನೀರಿನಲ್ಲಿ ವಿಶ್ರಾಂತಿ, ಕತ್ತಲಾದರೆ ಹೊಲದಲ್ಲಿ ಮೇವು. ಸುತ್ತಲಿನ ಸಣ್ಣ ಕೆರೆಗಳದೂ ಇದೇ ಮಾತು. ಅವು ಮೇಯ್ದ ನಷ್ಟ ಅಳೆಯಲು ಕಡಲೆ ಹೊಲದಲ್ಲಿ ಒಂದು ಮೀಟರ್ ಚೌಕದ ಹತ್ತು ಜೋಡಿ ಗುರುತು ಹಾಕಿ, ಜೋಡಿಯಲ್ಲಿ ಒಂದಕ್ಕೆ ಜಾಲಿ ಮುಳ್ಳಿನ ಬೇಲಿ ಕಟ್ಟಿದೆ. ಇಲಿ ಸೇರಿ ಬೇಲಿಯೊಳಗಿನದೇ ಕಡಿಮೆಯಾಯಿತು. ಮುಂದಿನ ಹಂಗಾಮಿಗೆ ತಂತಿ ಜಾಳಿಗೆ, ಐದು ಸಾವಿರ ಹೆಚ್ಚು. ಹೂ ಬಿಡುವ ಮೊದಲು ಮೇಯ್ದಲ್ಲಿ ಇಳುವರಿಯ ಅಂತರ ಕಾಣಲೇ ಇಲ್ಲ, ನಾವೇ ಕುಡಿ ಚಿವುಟಿದ ಹಾಗೆ. ಹೂ, ಕಾಯಿ ಬಂದ ಮೇಲೆ ಬಿದ್ದದ್ದು ನಿಜವಾದ ನಷ್ಟ. ಅದನ್ನು ಒಟ್ಟು ಬೆಲೆಯಿಂದ ಕಳೆದು, ಯಾರ ಹೊಲ ಎಂದು ಸರ್ವೆ ನಂಬರ್ ಸಮೇತ ಬರೆದೆ.

ಹೂಳಿಗೆ ಟ್ರ್ಯಾಲಿ ಲೆಕ್ಕ ಸಾಕು. ಕೆಂಪು ಮಣ್ಣಿನವರು ರೊಕ್ಕ ಕೊಟ್ಟು ಒಯ್ಯುತ್ತಾರೆ, ಕಪ್ಪು ಎರೆ ಹೊಲದವರು ಪುಕ್ಕಟೆ ಕೊಟ್ಟರೂ ಬೇಡ ಎನ್ನುತ್ತಾರೆ.

ಎಲ್ಲ ಕಳೆದು ಉಳಿದದ್ದು ಮನೆಗೆ ವರ್ಷಕ್ಕೆ ಏಳೆಂಟು ಸಾವಿರ, ಭೂಮಿ ಇಲ್ಲದವರಿಗೆ ಅದರ ದುಪ್ಪಟ್ಟು. ಕೆರೆಯ ಮೀನು ಹಿಡಿಯುವ ಹಕ್ಕಿನ ಹರಾಜಿನ ಮೊತ್ತ ಇದರ ಪಕ್ಕದಲ್ಲಿ ತೀರಾ ಸಣ್ಣದು. ಆ ಎರಡು ಸಾಲನ್ನು ಒಂದರ ಕೆಳಗೊಂದು ಬರೆದು ತೋರಿಸಿದ ದಿನವೇ ಯುಗಾದಿವರೆಗೆ ತೂಬಿನ ಬಳಿ ಮೂರಡಿ ನೀರು ಉಳಿಸುವ ಮಾತು ಹರಾಜಿನ ಷರತ್ತಿಗೆ ಸೇರಿತು.