ಎರೆಮಣ್ಣಿನ ಅಂಗಳದಲ್ಲಿ ಕುಸುಬಿ ಹೂ, ಹಕ್ಕಿಗೆ ಕಾಳು: ನನ್ನ ಅನುಭವ

ವಿಜಯಪುರದ ಎರೆಮಣ್ಣಿನಲ್ಲಿ, ಅಂದರೆ ಕಪ್ಪು ಜಿಗುಟು ನೆಲದಲ್ಲಿ, ಚಳಿಗಾಲದ ಹೂದೋಟ ಮಾಡುವುದೆಂದರೆ ದುಡ್ಡು ಸುರಿದು ಕೈ ತೊಳೆದುಕೊಳ್ಳುವುದು ಎಂದು ನನಗೆ ಹೇಳದವರಿಲ್ಲ. ಮೊದಲ ಒಂದೆರಡು ಚಳಿಗಾಲ ಅವರ ಮಾತೇ ನಿಜವಾಯಿತು. ನರ್ಸರಿಯಿಂದ ತಂದ ಪೆಟೂನಿಯ, ಡೇಲಿಯ, ಸೇವಂತಿಗೆಗಳಿಗೆ ನಾಲ್ಕು ಸಾವಿರದ ಆಸುಪಾಸು ಖರ್ಚಾಗಿತ್ತು. ಕೆಂಪುಮಣ್ಣಿನ ಉಂಡೆಯೊಂದಿಗೆ ಬಂದ ಬೇರು ಎರೆಗೆ ಇಳಿಯಲೇ ಇಲ್ಲ. ನೀರು ಹಾಕಿದರೆ ಗುಣಿಯಲ್ಲಿ ನಿಂತು ಬೇರು ಕೊಳೆಯಿತು, ಹಾಕದಿದ್ದರೆ ನೆಲ ಬಿರಿದು ಬೇರು ಹರಿಯಿತು. ಹಕ್ಕಿಗಳಿಗೆಂದು ತಟ್ಟೆಯಲ್ಲಿಟ್ಟ ನುಚ್ಚನ್ನು ಪಾರಿವಾಳಗಳು ಖಾಲಿ ಮಾಡಿದವು, ಉಳಿದದ್ದಕ್ಕೆ ರಾತ್ರಿ ಇಲಿಗಳು ಬಂದವು.

ಮುಂದಿನ ವರ್ಷ ಹೂದೋಟದ ಜಾಗದಲ್ಲಿ ಹಿಂಗಾರಿ ಬೆಳೆಯನ್ನೇ ಬಿತ್ತಿದೆ. ಸೆಪ್ಟೆಂಬರ್ ಕೊನೆಯ ಹಸ್ತ ಮಳೆಯ ಹದ ನೋಡಿ ಅಣ್ಣಿಗೇರಿ-1 ತಳಿಯ ಕುಸುಬಿ (ಮುಳ್ಳಿನ ಎಣ್ಣೆಕಾಳು ಗಿಡ), ಸಾಲಿನ ನಡುವೆ ಅಗಸೆ. ಬೀಜಕ್ಕೆ ಇನ್ನೂರು ರೂಪಾಯಿ ದಾಟಿರಲಿಕ್ಕಿಲ್ಲ. "ಮನಿ ಮುಂದ ಮುಳ್ಳು ಬೆಳಸ್ತೀರೇನ್ರಿ ಸರ?" ಎಂದು ಪಕ್ಕದ ಮನೆಯವರು ನಕ್ಕರು. ಆ ಮುಳ್ಳೇ ಓಣಿಯ ಆಡುಗಳನ್ನು ದೂರವಿಟ್ಟಿತು. ಹೊಲದ ಅಂಚಿಗೆ ನಮ್ಮವರು ಕುಸುಬಿ ಸಾಲು ಹಾಕುವುದೂ ಇದೇ ಕಾರಣಕ್ಕೆ.

ಬಿತ್ತಿದ ಮೇಲೆ ನೀರು ಕೊಡಲಿಲ್ಲ. ಕೆಲಸವೆಲ್ಲ ಕಳೆ ತೆಗೆಯುವ ಕುರ್ಪಿಯದು: ನೆಲ ಬಿರಿಯಲು ಆರಂಭಿಸುತ್ತಿದ್ದಂತೆ ಮೇಲ್ಮಣ್ಣನ್ನು ಎರಡು ಬೆರಳಿನಷ್ಟು ಕೆದಕಿ ಬಿರುಕುಗಳಿಗೆ ಪುಡಿಮಣ್ಣು ತುಂಬಿದರೆ, ಕೆಳಗಿನ ತೇವ ಆರದೆ ಉಳಿದು, ಕುಸುಬಿಯ ತಾಯಿಬೇರು ಅದನ್ನು ಹುಡುಕಿಕೊಂಡು ಆಳಕ್ಕೆ ಹೋಗುತ್ತದೆ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಅಂಗಳ ತುಂಬ ಹೂ. ಹಳದಿಯಾಗಿ ಅರಳುವ ಎಸಳು ಬಾಡುತ್ತ ಕಿತ್ತಳೆಗೆ, ಕೆಂಪಿಗೆ ತಿರುಗುವುದರಿಂದ ಒಂದೇ ಗಿಡದಲ್ಲಿ ಮೂರು ಬಣ್ಣ ಕಾಣುತ್ತದೆ. ಅಗಸೆಯ ನೀಲಿ ನನ್ನ ಚಪಲಕ್ಕೆ ಹಾಕಿದ್ದು. ಮಧ್ಯಾಹ್ನದೊಳಗೆ ಎಸಳುದುರುವ ಹೂವದು, ಬೆಳಿಗ್ಗೆ ಎದ್ದವರಿಗಷ್ಟೇ ಕಾಣುತ್ತದೆ. ನಕ್ಕವರೇ ಈಗ ಬೀಜ ಕೇಳುತ್ತಿದ್ದಾರೆ.

ಕುಸುಬಿಗೆ ರಸ ಹೀರುವ ಹೇನು ಬಿದ್ದಾಗ ಔಷಧ ಹೊಡೆಯಬೇಕೆಂದು ಒತ್ತಾಯ ಬಂತು, ಹೊಡೆಯಲಿಲ್ಲ. ಒಂದೆರಡು ಗಿಡ ಹೋದವು, ಆದರೆ ಸಿಂಪಿಗ ಹಕ್ಕಿಗಳು ಎಲೆಯಡಿ ತಲೆಕೆಳಗಾಗಿ ಜೋತು ಹೇನು ಹೆಕ್ಕುವುದನ್ನು ಕಿಟಕಿಯಿಂದಲೇ ನೋಡಿದೆ. ಒಣಗಿದ ಗಿಡಗಳನ್ನೂ ಕೂಡಲೇ ಕೀಳಬಾರದು. ಗಿಳಿಗಳು ಮುಳ್ಳನ್ನು ಲೆಕ್ಕಿಸದೆ ಬೀಜದ ಬುಂಡೆ ಕತ್ತರಿಸಿ ಅರ್ಧ ತಿಂದು ಅರ್ಧ ಚೆಲ್ಲುತ್ತವೆ, ಚೆಲ್ಲಿದ್ದು ಬೆಳವ ಮತ್ತು ಗುಬ್ಬಿಗಳಿಗೆ ಸಲ್ಲುತ್ತದೆ.

ತಟ್ಟೆಯನ್ನು ಈಗ ನೀರಿಗಷ್ಟೇ ಇಟ್ಟಿದ್ದೇನೆ. ಕಾಳಿನ ಬದಲು ಮುಂಗಾರಿ ಸಜ್ಜೆಯ ತೆನೆಗಳನ್ನು ಹಳ್ಳಿಯಿಂದ ತರಿಸಿ, ನಾಲ್ಕೈದರ ಕಟ್ಟು ಮಾಡಿ, ತೆಳು ದಾರದಲ್ಲಿ ತೂಗುಬಿಡುತ್ತೇನೆ. ತೂಗಾಡುವ ತೆನೆಯ ಮೇಲೆ ಪಾರಿವಾಳದ ಭಾರದ ಹಕ್ಕಿ ಕಾಲೂರಲಾರದು. ಗುಬ್ಬಿಯೂ ರಾಟವಾಳವೂ (ಮುನಿಯ ಹಕ್ಕಿ) ಅದನ್ನು ತಬ್ಬಿ ಹಿಡಿದು ಬುಡದಿಂದ ತುದಿಯವರೆಗೆ ಬಿಡಿಸುತ್ತವೆ. ಚಳಿಗಾಲಕ್ಕೆಲ್ಲ ಮುನ್ನೂರು ರೂಪಾಯಿಯ ತೆನೆ ಸಾಕಾಯಿತು. ಅಳಿಲಿಗೆ ಸಿಗದಂತೆ ಎಲ್ಲಿ, ಹೇಗೆ ಕಟ್ಟುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಬೀಜ ಕೊಳ್ಳುವಾಗ ಔಷಧ ಸವರಿದ ಬಣ್ಣದ ಬೀಜ ಬೇಡ. ಬಿತ್ತುವಾಗ ಮೇಲುಳಿದದ್ದನ್ನು ಹಕ್ಕಿಗಳು ತಿಂದರೆ ಸಾಯಬಹುದು. ಮಾರ್ಚ್ ಕೊನೆಗೆ ಗಿಡ ಕೀಳಲು ಕೈಗೆ ಗೋಣಿತಟ್ಟು ಸುತ್ತಿಕೊಳ್ಳಿ.